ಕೆರೆಯ ಹಕ್ಕಿ ನಡಿಗೆಗೆ ದುಡ್ಡು ಕಟ್ಟುವ ಮುನ್ನ ಇದನ್ನು ಓದಿ

ಬೆಂಗಳೂರಿನಲ್ಲಿ ಭಾನುವಾರದ ಹಕ್ಕಿ ನಡಿಗೆಗೆ, ಅಂದರೆ ಗುಂಪಾಗಿ ನಡೆಯುತ್ತ ಹಕ್ಕಿ ನೋಡುವುದಕ್ಕೆ, ಹೆಸರು ಕೊಡುವ ಯೋಚನೆ ಇದೆಯೇ? ಮಕ್ಕಳನ್ನೂ ಕರೆದುಕೊಂಡು ಹೋಗುತ್ತೀರಾ? ಹಾಗಾದರೆ ದುಡ್ಡು ಕಳಿಸುವ ಮೊದಲು ಆಯೋಜಕರನ್ನು ಒಂದು ಮಾತು ಕೇಳಿ: ದಾರಿಯಲ್ಲಿ ಗೂಡು ಕಂಡರೆ ಏನು ಮಾಡುತ್ತೀರಿ? "ಹತ್ತಿರ ಹೋಗಿ ತೋರಿಸುತ್ತೇವೆ" ಅಂದರೆ ಆ ಗುಂಪಿನ ಸಹವಾಸ ಬೇಡ.

ಏಪ್ರಿಲ್‌ನಲ್ಲಿ ಜಕ್ಕೂರು ಕೆರೆಗೆ ಹೋದ ಅಂಥ ಒಂದು ಗುಂಪಿನಲ್ಲಿ ನಾನೂ ನನ್ನ ಮಗಳೂ ಇದ್ದೆವು. ಹದಿನೈದು ಜನ ಮಾತ್ರ, ಎಲ್ಲರಿಗೂ ದುರ್ಬೀನು, ಅನುಭವಿ ಮಾರ್ಗದರ್ಶಿ ಎಂದು ವಾಟ್ಸಾಪಿನಲ್ಲಿ ಹೇಳಿದ್ದರು. ಬೆಳಿಗ್ಗೆ ಗೇಟಿನ ಬಳಿ ಸೇರಿದವರು ಐವತ್ತರ ಹತ್ತಿರ. ದುರ್ಬೀನು ಕೈಗೆ ಬರಲು ಸರದಿ ಕಾಯಬೇಕು. ಅದನ್ನೆಲ್ಲ ಸಹಿಸಬಹುದಿತ್ತು. ಹೆಜ್ಜಾರ್ಲೆಗಳು ತೇಲುತ್ತಿದ್ದವು, ಹಾವಕ್ಕಿ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು, ಗುಳುಮುಳುಕ ಮುಳುಗಿ ಇನ್ನೆಲ್ಲೋ ಏಳುವುದನ್ನು ಮಕ್ಕಳು ಕೂಗಿ ಕೂಗಿ ಹೇಳುತ್ತಿದ್ದರು.

ಸಂಸ್ಕರಿಸಿದ ನೀರು ಕೆರೆಗೆ ಬರುವ ಕಡೆ ದಟ್ಟ ಜೊಂಡಿದೆ. ಅಲ್ಲಿ ಉಲಿಯಕ್ಕಿ (ವಾರ್ಬ್ಲರ್) ಎಂಬ ಪುಟ್ಟ ಹಕ್ಕಿಯೊಂದು ಒಳಗಿನಿಂದಲೇ ಕೂಗುತ್ತಿತ್ತು. ಮಾರ್ಗದರ್ಶಿ ಬ್ಲೂಟೂತ್ ಸ್ಪೀಕರ್ ತೆಗೆದು ಅದೇ ಹಕ್ಕಿಯ ಕೂಗನ್ನು ಹಾಕಿದರು, ಮತ್ತೆ ಮತ್ತೆ ಹಾಕಿದರು. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಎಂದುಕೊಂಡು ಅದು ಮೇವು ಬಿಟ್ಟು ಜೊಂಡಿನ ತುದಿಗೆ ಬಂದು ಕೂಗತೊಡಗಿತು. ಇಲ್ಲದ ಶತ್ರುವಿನ ಜೊತೆ ಅದು ಜಗಳವಾಡಿ ಸುಸ್ತಾಗುತ್ತಿದ್ದರೆ ಇಲ್ಲಿ ಫೋಟೋ ಸಿಕ್ಕಿತೆಂದು ಚಪ್ಪಾಳೆ.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಆಮೇಲೆ ನಡೆದದ್ದಕ್ಕೆ. ಏರಿಯ ಕೆಳಗಿನ ಬಯಲಲ್ಲಿ, ನೆಲದಲ್ಲೇ ಮೊಟ್ಟೆಯಿಡುವ ಟಿಟ್ಟಿಭ ಹಕ್ಕಿಯ ಗೂಡಿತ್ತು. ಗೂಡು ಅಂದರೆ ನೆಲದಲ್ಲೊಂದು ತಗ್ಗು, ಸುತ್ತ ಸಣ್ಣ ಕಲ್ಲು, ನಡುವೆ ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಯ ನಾಲ್ಕು ಮೊಟ್ಟೆ. ಮಾರ್ಗದರ್ಶಿ ಎಲ್ಲರನ್ನೂ ಕರೆದು ಸುತ್ತ ನಿಲ್ಲಿಸಿದರು. ಮೊಟ್ಟೆ ಸರಿಯಾಗಿ ಕಾಣಲಿ ಎಂದು ಒಬ್ಬರು ಪಕ್ಕದ ಕಲ್ಲು, ಒಣಹುಲ್ಲು ಎತ್ತಿ ಬದಿಗಿಟ್ಟರು. ತಾಯ್ತಂದೆ ಹಕ್ಕಿಗಳೆರಡೂ ತಲೆಯ ಮೇಲೇ ಕಿರುಚುತ್ತ ಸುತ್ತುತ್ತಿದ್ದವು.

ಏಪ್ರಿಲ್ ಬಿಸಿಲು ಅಷ್ಟರಲ್ಲಾಗಲೇ ಏರಿತ್ತು. ಟಿಟ್ಟಿಭ ಕಾವು ಕೊಡುವುದಷ್ಟೇ ಅಲ್ಲ, ಬೇಸಿಗೆಯಲ್ಲಿ ಮೊಟ್ಟೆಗೆ ನೆರಳಾಗಿ ನಿಲ್ಲುತ್ತದೆ. ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ಅದನ್ನು ದೂರ ತಡೆದಷ್ಟು ಹೊತ್ತೂ ಒಳಗಿನ ಮರಿ ಬೇಯುತ್ತಿರುತ್ತದೆ. ಮೊಟ್ಟೆಯ ರಕ್ಷಣೆಯೆಲ್ಲ ಇರುವುದು ನೆಲದ ಬಣ್ಣದಲ್ಲಿ ಬೆರೆತು ಕಾಣದಿರುವುದರಲ್ಲಿ. ಸುತ್ತ ಜನ ನಿಂತು ಜಾಗ ತೋರಿಸಿದ ಮೇಲೆ ಕಾಗೆ, ಬೀದಿನಾಯಿಗಳಿಗೆ ಹುಡುಕುವ ಕೆಲಸವೇ ಇಲ್ಲ.

ಹಿಂದೆ ಸರಿಯೋಣ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ನಾಲ್ಕೈದು ಮಂದಿ ತಕ್ಷಣ ಸರಿದರು, ಅವರಿಗೆ ನನ್ನ ನಮಸ್ಕಾರ. ಮಾರ್ಗದರ್ಶಿಯ ಉತ್ತರ, "ಏನೂ ಆಗಲ್ಲ ಮೇಡಂ, ಅಭ್ಯಾಸ ಇರುತ್ತೆ ಅವಕ್ಕೆ." ಸಂಜೆ ಗ್ರೂಪಿನಲ್ಲಿ ಇದನ್ನೇ ಬರೆದೆ. ಮೆಸೇಜು ಅಳಿಸಿ ನನ್ನನ್ನೂ ಹೊರಗೆ ಹಾಕಿದರು. ಗೂಡಿನ ಫೋಟೋ ಮಾತ್ರ ಅಲ್ಲೇ ಉಳಿಯಿತು, ಜಾಗದ ಗುರುತಿನ ಸಮೇತ.

ಇದು ಬರೀ ಶಿಸ್ತಿನ ಪ್ರಶ್ನೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯ ವ್ಯಾಖ್ಯೆಯೊಳಗೇ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಗೂಡು ಕದಡುವುದು ಸೇರಿವೆ. ಊರೊಳಗಿನ ಕೆರೆ ಎಂಬ ವಿನಾಯಿತಿ ಅಲ್ಲಿಲ್ಲ.

ಹಕ್ಕಿ ನೋಡಲು ದುಡ್ಡು ಕೊಡಲೇಬೇಕೆಂದೂ ಇಲ್ಲ. ಲಾಲ್‌ಬಾಗಿನಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ಹಕ್ಕಿ ನೋಡುವವರು ದಶಕಗಳಿಂದ ಸೇರುತ್ತ ಬಂದಿದ್ದಾರೆ, ಶುಲ್ಕವಿಲ್ಲ. ದುಡ್ಡು ಕೊಟ್ಟೇ ಹೋಗುವುದಾದರೆ ಎಷ್ಟು ಜನ ಬರುತ್ತಾರೆ, ಸ್ಪೀಕರ್ ಬಳಸುತ್ತಾರಾ ಎಂದು ಬರಹದಲ್ಲೇ ಉತ್ತರ ಪಡೆಯಿರಿ. ಅವರ ಹಳೆಯ ಫೋಟೋಗಳನ್ನೂ ನೋಡಿ: ಗೂಡು, ಮರಿಗಳ ಚಿತ್ರವೇ ತುಂಬಿದ್ದರೆ ಅವರು ಬೆಳಗಿನ ಹೊತ್ತು ಕೆರೆಯಲ್ಲಿ ಏನು ಮಾಡುತ್ತಾರೆಂದು ಗೊತ್ತಾಗುತ್ತದೆ. ಗೂಡಿನ ಸುತ್ತ ಗುಂಪು ಕಂಡರೆ ಮೊದಲು ಕೆರೆಯ ಕಾವಲುಗಾರರನ್ನು ಕರೆಯಿರಿ. ಗುಂಪು ಅವರ ಮಾತೂ ಕೇಳದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926.