ಲೈಕು ಬೇಡದ ಫೋಟೋಗಳಿಗೆ ಫ್ಲಿಕರ್

ಹಾಸನದಲ್ಲಿ ಫೋಟೋ ಹಾಕಿಡುವ ಫ್ಲಿಕರ್ ವೆಬ್‌ಸೈಟ್ ಬಳಸುವವರು ಇನ್ನೊಬ್ಬರಿದ್ದರೆ ದಯವಿಟ್ಟು ಕೈ ಎತ್ತಿ. ನನಗಂತೂ ಇಲ್ಲಿಯವರೆಗೆ ಯಾರೂ ಸಿಕ್ಕಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಆ ಹೆಸರು ಎತ್ತಿದರೆ ಕಂಪ್ಯೂಟರ್ ಮೇಷ್ಟ್ರು "ಅದು ಇನ್ನೂ ಇದೆಯಾ ಮೇಡಂ?" ಅಂತಾರೆ, ಉಳಿದವರು ಫ್ಲಿಪ್‌ಕಾರ್ಟ್ ಅಂದುಕೊಂಡು ಸೀರೆ ಆಫರ್ ಕೇಳುತ್ತಾರೆ. ಇದೆ. 2004ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಗಂಡ-ಹೆಂಡತಿ ಸೇರಿ ಕಟ್ಟುತ್ತಿದ್ದ ಯಾವುದೋ ಆನ್‌ಲೈನ್ ಆಟದ ಕೆಲಸದಿಂದ ಹುಟ್ಟಿದ್ದು. ಮರುವರ್ಷವೇ ಯಾಹೂ ಕೊಂಡುಕೊಂಡಿತು. ಕೈಯಿಂದ ಕೈಗೆ ಹೋಗಿ 2018ರಲ್ಲಿ ಸ್ಮಗ್‌ಮಗ್ ಅನ್ನುವ ಫೋಟೋ ಕಂಪನಿಯ ಪಾಲಾಯಿತು. ಇಷ್ಟು ಜನ ಯಜಮಾನರನ್ನು ಕಂಡೂ ಉಳಿದುಕೊಂಡಿದೆ.

ನಾನು ಸರ್ಕಾರಿ ಪ್ರೌಢಶಾಲೆಯ ಡ್ರಾಯಿಂಗ್ ಟೀಚರ್. ನನ್ನ ಫೋನಿನಲ್ಲಿ ಮುಖಗಳು ಕಡಿಮೆ, ಗೋಡೆಗಳು ಜಾಸ್ತಿ. ಕೈಯಲ್ಲಿ ಬರೆದ ಅಂಗಡಿ ಬೋರ್ಡು, ಆಟೋ ಹಿಂದಿನ ಬರಹ, ಲಾರಿ ಹಿಂಬದಿಯ ನವಿಲು, ರೈಲು ಬೋಗಿ ಥರ ಬಣ್ಣ ಹೊಡೆದ ಪ್ರೈಮರಿ ಶಾಲೆ, ಪಂಪ್‌ಹೌಸ್ ಗೋಡೆಯ ಮೇಲಿನ ಸಿಮೆಂಟು ಜಾಹೀರಾತು, ಧನುರ್ಮಾಸದ ಬೆಳಗಿನ ರಂಗೋಲಿ. ಬೀದಿ ಕಲೆ ಅಂದರೆ ದೊಡ್ಡ ಊರಿನ ಫ್ಲೈಓವರ್ ಕಂಬದ ಮೇಲೆ ಕ್ರೇನು ಹತ್ತಿ ಬರೆದದ್ದೇ ಆಗಬೇಕು ಅಂತ ಕಾನೂನಿದೆಯಾ? ಸಂತೇಪೇಟೆಯಲ್ಲಿ, ಕಟ್ಟಿನಕೆರೆ ಮಾರ್ಕೆಟ್ಟಿನ ಸುತ್ತಮುತ್ತ ಒಂದು ಸುತ್ತು ಹಾಕಿ. ಎನಾಮಲ್ ಪೇಂಟಿನಲ್ಲಿ ನೆರಳು ಕೊಟ್ಟು ಬರೆದ "ಪ್ರೊವಿಜನ್ ಸ್ಟೋರ್ಸ್", ಒತ್ತಕ್ಷರವನ್ನು ಬಳ್ಳಿಯಂತೆ ಕೆಳಗಿಳಿಸಿದ "ಬಟ್ಟೆ ಅಂಗಡಿ" ಇನ್ನೂ ಅಲ್ಲಲ್ಲಿ ಸಿಗುತ್ತವೆ. ಫ್ಲೆಕ್ಸ್ ಬಂದ ಮೇಲೆ ಅವೂ ಒಂದೊಂದಾಗಿ ಇಳಿಯುತ್ತಿವೆ. ಈ ಜಾತಿಯ ಫೋಟೋಗಳ ಕಥೆಯೇ ಹಾಗೆ: ತೆಗೆದ ದಿನ ಯಾರಿಗೂ ಬೇಡ. ಬೋರ್ಡು ಕಳಚಿ ಗುಜರಿಗೆ ಹೋದ ಮೇಲೆ, "ಆ ಅಂಗಡಿಯ ಹಳೇ ಬೋರ್ಡು ಹೆಂಗಿತ್ತು?" ಅಂತ ಯಾರಾದರೂ ಕೇಳುವ ದಿನ ಬರುತ್ತದೆ. ಅಲ್ಲಿಯವರೆಗೆ ಆ ಫೋಟೋ ತಾರೀಖು, ಜಾಗ, ಎರಡು ಸಾಲು ವಿವರಣೆಯ ಜೊತೆ ಎಲ್ಲೋ ಒಂದು ಕಡೆ ಕಾದಿರಬೇಕು. ನಾನು ಎಲ್ಲ ಸೇವೆಗಳನ್ನೂ ನೋಡಿದ್ದು ಇದೇ ಅಳತೆಗೋಲಿನಿಂದ.

ವಾಟ್ಸಾಪ್ ಮೊದಲೇ ಬಿದ್ದುಹೋಯಿತು. ಮಾಮೂಲಿಯಾಗಿ ಕಳಿಸಿದರೆ ಫೋಟೋವನ್ನು ಹಿಂಡಿ ಚಿಕ್ಕದು ಮಾಡುತ್ತದೆ. 2023ರಲ್ಲಿ ಎಚ್‌ಡಿ ಆಯ್ಕೆ ಕೊಟ್ಟಿದ್ದಾರೆ, ಆದರೂ ಯಾವಾಗ ತೆಗೆದದ್ದು ಅನ್ನುವ ಮಾಹಿತಿ ಫೋಟೋದ ಜೊತೆ ದಾಟುವುದಿಲ್ಲ. ಮೇಲಾಗಿ ನಮ್ಮ ಕುಟುಂಬದ ಗ್ರೂಪಿನಲ್ಲಿ ನಾನು ಹಾಕಿದ ಗೋಡೆಯ ಚಿತ್ರದ ಮೇಲೆ ಮೂವತ್ತು ಶುಭೋದಯ ಬಿದ್ದರೆ ಮುಗೀತು, ಅದನ್ನು ಹುಡುಕುವುದು ದೇವರಿಗೂ ಕಷ್ಟ.

ಇನ್‌ಸ್ಟಾಗ್ರಾಮ್ ಹಾಕಿಕೊಟ್ಟವಳು ತಂಗಿ ಮಗಳು. "ದೊಡ್ಡಮ್ಮ, ಬರೀ ಗೋಡೆ ಹಾಕಿದ್ರೆ ಯಾರೂ ನೋಡಲ್ಲ, ಗೋಡೆ ಮುಂದೆ ನೀವು ನಿಂತ್ಕೊಳ್ಳಿ, ಇಲ್ಲಾಂದ್ರೆ ರೀಲ್ ಮಾಡಿ" ಅಂದಳು. ಅವಳ ಸಲಹೆ ಆ ಊರಿಗೆ ಸರಿಯೇ. ಆದರೆ ಅಲ್ಲಿ ಬೋರ್ಡಿನ ಉದ್ದಕ್ಕೆ ಮರ್ಯಾದೆ ಇಲ್ಲ. ಮೊದಲಿಗೆ ಎಲ್ಲವೂ ಚೌಕ, 2025ರಿಂದ ಪ್ರೊಫೈಲಿನಲ್ಲಿ ಎಲ್ಲವೂ ನಿಂತ ಆಯತ. ಹದಿನೈದು ಅಡಿ ಅಡ್ಡಲಾಗಿ ಹರಡಿದ ಅಂಗಡಿ ಬೋರ್ಡನ್ನು ನಿಂತ ಆಯತದಲ್ಲಿ ತೋರಿಸಿದರೆ "ಶ್ರೀ ಮಂಜುನಾಥ ಸ್ಟೋರ್ಸ್" ಹೋಗಿ "ಜುನಾ" ಉಳಿಯುತ್ತದೆ.

ಇನ್ನು ಫ್ಲಿಕರ್. ಒಂದು ಫೋಟೋ ಏರಿಸಿದರೆ ಅದಕ್ಕೆ ಅದರದೇ ಪುಟ ಸಿಗುತ್ತದೆ. ಮೇಲೆ ಚಿತ್ರ, ಅದರದೇ ಆಕಾರದಲ್ಲಿ. ಕೆಳಗೆ ಶೀರ್ಷಿಕೆ, ವಿವರಣೆ, ಟ್ಯಾಗು, ತೆಗೆದ ದಿನ, ಕ್ಯಾಮೆರಾ ಯಾವುದು, ಶಟರ್ ವೇಗ ಎಷ್ಟು ಎಲ್ಲವೂ. ವಿವರಣೆಯನ್ನು ಕನ್ನಡದಲ್ಲೇ ಎಷ್ಟು ಬೇಕಾದರೂ ಬರೆಯಬಹುದು, ಟ್ಯಾಗೂ ಕನ್ನಡದಲ್ಲಿ ಕೂರುತ್ತದೆ. ಒಂದು ಫೋಟೋಗೆ 75 ಟ್ಯಾಗ್ ಹಾಕಲು ಬಿಡುತ್ತಾರೆ, ನನಗೆ ಆರೇಳು ಸಾಕು. ಹೊರಗಿನವರಿಗೂ ಸಿಗಲಿ ಅಂತ "ಕೈಬರಹ ಬೋರ್ಡು", "ಹಾಸನ" ಜೊತೆಗೆ ಅದೇ ಮಾತನ್ನು ಇಂಗ್ಲಿಷಿನಲ್ಲೂ ಹಾಕುತ್ತೇನೆ. ಒಂದೇ ಫೋಟೋವನ್ನು ಎರಡು ಮೂರು ಆಲ್ಬಮ್ಮಿನಲ್ಲಿ ಇಡಬಹುದು ಅನ್ನುವುದು ಚಿಕ್ಕ ವಿಷಯ ಅನ್ನಿಸಬಹುದು. ಅರಸೀಕೆರೆ ರಸ್ತೆಯ ಸಲೂನ್ ಬೋರ್ಡು "ಅಕ್ಷರಗಳು" ಆಲ್ಬಮ್ಮಿಗೂ ಸೇರಬೇಕು, "ಈಗ ಇಲ್ಲದವು" ಆಲ್ಬಮ್ಮಿಗೂ ಸೇರಬೇಕು ಅನ್ನುವಾಗ ಅದರ ಬೆಲೆ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕ್ಯಾಮೆರಾ ರೋಲ್ ಅನ್ನುವ ನೋಟ. ಏರಿಸಿದ ದಿನ ಬಿಟ್ಟು, ತೆಗೆದ ದಿನದ ಪ್ರಕಾರ ಎಲ್ಲವನ್ನೂ ಸಾಲಾಗಿ ನಿಲ್ಲಿಸುತ್ತದೆ. ನನ್ನ ತವರು ಸಕಲೇಶಪುರದ ಕಡೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಹೂವು ಕಂದುತ್ತದೆ. "ಹೋದ ವರ್ಷ ಇಷ್ಟೊತ್ತಿಗೆ ಹೂವಾಗಿತ್ತು" ಅಂತ ಅಣ್ಣ, "ಎಲ್ಲಿ ಬಂತು, ಯುಗಾದಿ ಕಳೆದಿತ್ತು" ಅಂತ ಅಮ್ಮ. ಪ್ರತಿ ವರ್ಷ ಇದೇ ಜಗಳ. ಈಗ ನಾನು ಫೋನು ತೆಗೆದು ತಾರೀಖು ತೋರಿಸುತ್ತೇನೆ. ಇಬ್ಬರಿಗೂ ಸಿಟ್ಟು ಬರುತ್ತದೆ, ಅದು ಬೇರೆ ಮಾತು.

ಶೆಟ್ಟಿಹಳ್ಳಿ ಚರ್ಚಿನ ಆಲ್ಬಮ್ಮೂ ಇದೇ ರೀತಿ ಬೆಳೆಯಿತು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಚರ್ಚು ಅದು, ಗೊರೂರು ಅಣೆಕಟ್ಟು ಆದ ಮೇಲೆ ಹೇಮಾವತಿಯ ಹಿನ್ನೀರು ಸೇರಿತು. ಮಳೆಗಾಲ ಮುಗಿಯುವ ಹೊತ್ತಿಗೆ ಕಮಾನುಗಳ ನಡುವೆ ನೀರು, ಬೇಸಿಗೆಯಲ್ಲಿ ಒಳಗೆ ನಡೆದಾಡುವಷ್ಟು ಒಣ ನೆಲ. ಎಲ್ಲರ ಹತ್ತಿರವೂ ಆ ಚರ್ಚಿನ ಒಂದು ಒಳ್ಳೆಯ ಫೋಟೋ ಇರುತ್ತದೆ. ಒಂದೇ ಜಾಗದಲ್ಲಿ ನಿಂತು ತೆಗೆದ ಬೇರೆ ಬೇರೆ ತಿಂಗಳ ಚಿತ್ರಗಳನ್ನು ತಾರೀಖಿನ ಜೊತೆ ಪಕ್ಕಪಕ್ಕ ಇಟ್ಟಾಗ ಮಾತ್ರ ನೀರಿನ ಏರಿಳಿತ ಕಾಣುತ್ತದೆ, ಯಾವ ಗೋಡೆ ಯಾವ ಮಳೆಗೆ ಉದುರಿತು ಅನ್ನುವುದೂ ಕಾಣುತ್ತದೆ.

ಗ್ರೂಪುಗಳ ವಿಷಯ. ಫ್ಲಿಕರ್ ಗ್ರೂಪು ಅಂದರೆ ಹರಟೆ ಕಟ್ಟೆಗಿಂತ ಹೆಚ್ಚಾಗಿ ವಿಷಯವಾರು ಚಿತ್ರಗಳ ರಾಶಿ. ಗೋಡೆಯ ಮೇಲೆ ಮಾಸಿಹೋದ ಹಳೇ ಜಾಹೀರಾತುಗಳನ್ನೇ ಹುಡುಕಿಕೊಂಡು ಅಲೆಯುವವರು ಪ್ರಪಂಚದ ತುಂಬ ಇದ್ದಾರೆ ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ. ಯಾರೋ ಪೋರ್ಚುಗಲ್‌ನವರು ನಮ್ಮ ಬಿ.ಎಂ. ರಸ್ತೆಯ ಟೈರ್ ಅಂಗಡಿ ಗೋಡೆಯನ್ನು ಮೆಚ್ಚಿ, ಆ ಹಳದಿ ಯಾವ ಪೇಂಟು ಅಂತ ಕೇಳಿದರು. ಊರಿನಲ್ಲಿ ಯಾರೂ ಕೇಳಿರಲಿಲ್ಲ. ಒಂದು ಫೋಟೋಗೆ ಬರುವ ಮೆಚ್ಚುಗೆ ಕಡಿಮೆ, ನಿಜ. ಬರೆಯುವವರು ಮಾತ್ರ ಚಿತ್ರ ನೋಡಿ ಬರೆದಿರುತ್ತಾರೆ. (ಎಲ್ಲರೂ ಅಲ್ಲ. ಹೊಳೆಯುವ ಪದಕದ ಚಿತ್ರ ಅಂಟಿಸಿ ಹೋಗುವ ಒಂದು ಪಂಗಡವೂ ಇದೆ, ಅವರನ್ನು ಬಿಟ್ಟುಬಿಡಿ.)

ಬೀದಿ ಕಲೆಯನ್ನು ಹಾಕುವವರು ಪರವಾನಗಿಯ ಭಾಗವನ್ನು ಸಾವಧಾನವಾಗಿ ಓದಬೇಕು. ಪ್ರತಿ ಫೋಟೋಗೂ "ಎಲ್ಲ ಹಕ್ಕು ನನ್ನದೇ" ಅಂತ ಇಡಬಹುದು, ಅಥವಾ ಹೆಸರು ಹಾಕಿ ಬಳಸಿಕೊಳ್ಳಿ ಅನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಒಂದನ್ನು ಆರಿಸಬಹುದು. ಹೆಸರು ಹಾಕಿದರೆ ಸಾಕು ಅನ್ನುವುದನ್ನು ಆರಿಸಿದರೆ ನಿಮ್ಮ ದೇವಸ್ಥಾನದ ಚಿತ್ರ ಕನ್ನಡ ವಿಕಿಪೀಡಿಯದ ಲೇಖನಕ್ಕೂ ಹೋಗಬಹುದು. "ವಾಣಿಜ್ಯ ಬಳಕೆ ಬೇಡ" ಅಂತ ಸೇರಿಸಿದರೆ ಅವರು ತೆಗೆದುಕೊಳ್ಳುವುದಿಲ್ಲ. ಬೇಲೂರು, ಹಳೇಬೀಡುಗಳು 2023ರಲ್ಲಿ ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಅವುಗಳ ಚಿತ್ರಕ್ಕೆ ಬರವಿಲ್ಲ. ಹಾಸನ ಜಿಲ್ಲೆಯ ಸಣ್ಣ ಹಳ್ಳಿಗಳ ಹೊಯ್ಸಳ ಗುಡಿಗಳಿಗೆ ಇದೆ. ಅಂಥವನ್ನು ನಾನು ಧಾರಾಳವಾಗಿ ಬಿಟ್ಟುಕೊಟ್ಟಿದ್ದೇನೆ.

ಗೋಡೆ ಚಿತ್ರಗಳನ್ನು ಮಾತ್ರ ಹಾಗೆ ಕೊಡಲು ಬರುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಶಿಲ್ಪದ ಫೋಟೋ ತೆಗೆದು ಪ್ರಕಟಿಸಲು ಬಿಡುತ್ತದೆ, ಕಟ್ಟಡಕ್ಕೂ ಅಂಥದೇ ವಿನಾಯಿತಿ ಇದೆ. ಗೋಡೆಯ ಮೇಲಿನ ವರ್ಣಚಿತ್ರ ಆ ಪಟ್ಟಿಯಲ್ಲಿಲ್ಲ. ಬರೆದವರ ಹಕ್ಕು ಬರೆದವರದೇ. ಈ ವಿಷಯವನ್ನು ಸಂತೇಪೇಟೆಯ ಹತ್ತಿರದ ಬೋರ್ಡ್ ಆರ್ಟಿಸ್ಟ್ ಒಬ್ಬರಿಗೆ ಹೇಳಿದೆ. ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದುತ್ತಾ, "ಹಕ್ಕು ಗಿಕ್ಕು ಎಲ್ಲಾ ಇರ್ಲಿ ಮೇಡಮ್ಮೋರೆ, ಮೂಲೇಲಿ ನನ್ ಹೆಸ್ರು ಬರ್ದಿದೀನಲ್ಲ, ಅದು ಕಾಣಂಗೆ ತೆಗ್ದಿದ್ದೀರಾ ಇಲ್ವಾ?" ಅಂದರು. ಕಾಣುವ ಹಾಗೆಯೇ ತೆಗೆದಿದ್ದೆ. ವಿವರಣೆಯ ಮೊದಲ ಸಾಲಿನಲ್ಲೂ ಅವರ ಹೆಸರಿದೆ, ಪರವಾನಗಿ ಕಟ್ಟುನಿಟ್ಟು. ಇನ್‌ಸ್ಟಾಗ್ರಾಮಿನಲ್ಲಿ ಫೋಟೋವಾರು ಇಷ್ಟು ವ್ಯವಸ್ಥೆ ಇಲ್ಲ.

ಅಂದಹಾಗೆ, 2008ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜೊತೆ ಸೇರಿ ಫ್ಲಿಕರ್ "ದಿ ಕಾಮನ್ಸ್" ಅಂತ ಒಂದು ವಿಭಾಗ ಶುರುಮಾಡಿತು. ಗ್ರಂಥಾಲಯ, ಮ್ಯೂಸಿಯಂಗಳ ಹಳೇ ಫೋಟೋಗಳು ಅಲ್ಲಿವೆ, ನೋಡಿದವರು ಗುರುತಿಸಿ ಜಾಗದ ಹೆಸರು ಸೇರಿಸುತ್ತಾರೆ. ರಜಾದಿನ ಮಧ್ಯಾಹ್ನ ಕೂತರೆ ಸಂಜೆ ದೀಪ ಹಚ್ಚುವವರೆಗೂ ಏಳುವುದಿಲ್ಲ, ಖಾತೆ ಇಲ್ಲದೆಯೂ ನೋಡಬಹುದು.

ಈಗ ಕಹಿ. ಒಂದು ಕಾಲಕ್ಕೆ, 2013ರಲ್ಲಿ, ಪುಕ್ಕಟೆ ಒಂದು ಟೆರಾಬೈಟ್ ಕೊಟ್ಟವರು ಇವರೇ. 2018ರ ಕೊನೆಗೆ ಹೊಸ ಯಜಮಾನರು ಉಚಿತ ಖಾತೆಗೆ 1,000 ಫೋಟೋಗಳ ಮಿತಿ ಅಂದರು. ಅದರಲ್ಲೂ ಸಾರ್ವಜನಿಕವಲ್ಲದವು 50 ಮೀರುವಂತಿಲ್ಲ ಅಂತ 2022ರಲ್ಲಿ ಸೇರಿಸಿದರು. ಅಂದರೆ ಮನೆ ಮಕ್ಕಳ ನಾಮಕರಣ, ಅಮ್ಮನ ಎಪ್ಪತ್ತರ ಶಾಂತಿ ಇಂಥವಕ್ಕೆಲ್ಲ ಇದು ಜಾಗವೇ ಅಲ್ಲ. ಬಂಧುಬಳಗಕ್ಕೆ ಮಾತ್ರ ತೋರಿಸುವ ಫೋಟೋಗಳೇ ಹೆಚ್ಚಿದ್ದರೆ ನೀವು ಇತ್ತ ಬರಲೇಬೇಡಿ. ಗೂಗಲ್ ಫೋಟೋಸ್ 2021ರ ಜೂನ್‌ನಿಂದ ಅನಿಯಮಿತ ಉಚಿತ ಜಾಗ ನಿಲ್ಲಿಸಿದೆ, ಆದರೂ ಅದರ 15 ಜಿಬಿಯಲ್ಲಿ ಕುಟುಂಬದ ಆಲ್ಬಮ್ ಮಾಡಿ ಲಿಂಕ್ ಕಳಿಸುವುದು ಇದಕ್ಕಿಂತ ಸುಲಭ. ಉಚಿತ ಖಾತೆಯಲ್ಲಿ ಜಾಹೀರಾತು ಬರುತ್ತದೆ. ಯಾರು ಎಷ್ಟು ನೋಡಿದರು ಅನ್ನುವ ವಿವರವಾದ ಲೆಕ್ಕ ದುಡ್ಡು ಕಟ್ಟಿದವರಿಗೆ ಮಾತ್ರ. ಉಚಿತ ಖಾತೆಯ ಫೋಟೋಗಳನ್ನು ದೊಡ್ಡ ಅಳತೆಯಲ್ಲಿ ಇಳಿಸಿಕೊಳ್ಳುವುದಕ್ಕೂ 2025ರಿಂದ ಕಡಿವಾಣ ಬಿದ್ದಿದೆ. ಹಾಗಾಗಿ ಇಲ್ಲಿ ಹಾಕಿದ್ದೇನೆ, ಫೋನಿನಿಂದ ಅಳಿಸುತ್ತೇನೆ ಅಂದುಕೊಳ್ಳುವುದು ಬೇಡ. ಅಸಲಿ ಕಾಪಿ ಮನೆಯ ಹಾರ್ಡ್‌ಡಿಸ್ಕಿನಲ್ಲಿ ಇರಲೇಬೇಕು.

ಭಾಷೆಯದು ಇನ್ನೊಂದು. ನಾವು ಬರೆಯುವುದು ಕನ್ನಡದಲ್ಲಿ ಆಗುತ್ತದೆ, ಆದರೆ ಸೈಟಿನ ಬಟನ್ನು, ಮೆನು ಯಾವುದೂ ಕನ್ನಡದಲ್ಲಿಲ್ಲ. ಭಾರತದ ಯಾವ ಭಾಷೆಯಲ್ಲೂ ಇಲ್ಲ. ನಮ್ಮ ಆರ್ಟಿಸ್ಟ್ ತಾವೇ ಖಾತೆ ತೆರೆದು ತಮ್ಮ ಬೋರ್ಡುಗಳನ್ನು ಹಾಕಿಕೊಳ್ಳಬೇಕು ಅಂದರೆ ಪಕ್ಕದಲ್ಲಿ ಮಗನೋ ಮಗಳೋ ಕೂರಬೇಕು. ಇಪ್ಪತ್ತು ವರ್ಷ ದಾಟಿದ ಸೇವೆಗೆ ಇದು ಶೋಭೆಯಲ್ಲ.

ಸೇರುವವರು ಏರಿಸುವ ಮೊದಲೇ ಸೆಟ್ಟಿಂಗ್ಸಿಗೆ ಹೋಗಿ, ಫೋಟೋದೊಳಗಿನ ಜಿಪಿಎಸ್ ಜಾಗವನ್ನು ತಾನಾಗಿ ತೆಗೆದುಕೊಳ್ಳುವ ಆಯ್ಕೆಯನ್ನು ಆಫ್ ಮಾಡಿ. ಊರ ಬೋರ್ಡಿನ ಜಾಗ ಪ್ರಪಂಚಕ್ಕೆ ತಿಳಿದರೆ ಏನೂ ಆಗುವುದಿಲ್ಲ. ನಿಮ್ಮ ಮನೆ ಹಿತ್ತಲಿನ ದಾಸವಾಳದ ಜಾಗ ಮೀಟರಿನಷ್ಟು ನಿಖರವಾಗಿ ನಕ್ಷೆಯಲ್ಲಿ ಕೂರುವುದು ಬೇಡ. ಬೇಕಾದ್ದಕ್ಕೆ ಕೈಯಾರೆ ಜಾಗ ಹಾಕಬಹುದು. ಶಾಲೆಯ ಮಕ್ಕಳು ಬರೆದ ಗೋಡೆಯನ್ನು ಹಾಕುವಾಗ ಚಿತ್ರ ಮಾತ್ರ ಹಾಕುತ್ತೇನೆ, ಮಕ್ಕಳ ಮುಖ ಹಾಕುವುದಿಲ್ಲ.

ದುಡ್ಡು ಕಟ್ಟುವ ಪ್ರೋ ಖಾತೆಗೆ ಮಿತಿಯೂ ಇಲ್ಲ, ಜಾಹೀರಾತೂ ಇಲ್ಲ. ನಾನಿನ್ನೂ ತೆಗೆದುಕೊಂಡಿಲ್ಲ, ಆ ಸಾವಿರದ ಬೇಲಿ ನನಗೆ ಒಗ್ಗಿಹೋಗಿದೆ. ಬಿಟ್ಟಿ ಜಾಗ ಎಷ್ಟು ಬೇಕಾದರೂ ಇದ್ದಿದ್ದರೆ ಹಾಸನಾಂಬೆ ದರ್ಶನದ ಸಾಲಿನ ನೂರು ಫೋಟೋ ಹಾಕುತ್ತಿದ್ದೆ, ಈಗ ಒಂದನ್ನು ಆರಿಸಿ ಅದಕ್ಕೆ ನಾಲ್ಕು ಸಾಲು ಬರೆಯುತ್ತೇನೆ. ಇತ್ತೀಚೆಗೆ ಮಿತಿ ಹತ್ತಿರ ಬರುತ್ತಿದೆ. ನಮ್ಮೆಜಮಾನರು "ಕಟ್ಟೇ ಮಾರಾಯ್ತಿ, ಎಷ್ಟೋ ಖರ್ಚು ಮಾಡ್ತೀಯ" ಅಂತಾರೆ. ಅದಕ್ಕೂ ಮೊದಲು ಮುಳ್ಳಯ್ಯನಗಿರಿಯ ಸೂರ್ಯೋದಯಗಳನ್ನು ಅಳಿಸಲು ಶುರುಮಾಡಿದ್ದೇನೆ. ಅವು ಎಲ್ಲರ ಹತ್ತಿರವೂ ಇವೆ, ಟೈರ್ ಅಂಗಡಿಯ ಹಳದಿ ಗೋಡೆ ನನ್ನ ಹತ್ತಿರ ಮಾತ್ರ ಇದೆ.