ಮುಳ್ಳನ್ನು ಎಷ್ಟು ನಂಬಬೇಕು? ಸ್ಪೋರ್ಟಿ ಕೂಪೆಯ ಫ್ಯೂಯೆಲ್ ಗೇಜ್ ಜೊತೆ ಕೆಲವು ವರ್ಷ

ಈ ಕಾರಿನ ಎಂಜಿನ್ ಬಗ್ಗೆ ನನಗೆ ದೂರಿಲ್ಲ. ಸ್ಟೀರಿಂಗ್ ಬಗ್ಗೆಯೂ ಇಲ್ಲ. ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡು ಹೋಗುವ ರೀತಿಗೆ ಇವತ್ತಿಗೂ ಸೋಲುತ್ತೇನೆ. ಆದರೆ ಡ್ಯಾಶ್‌ಬೋರ್ಡ್‌ನ ಬಲಮೂಲೆಯಲ್ಲಿ ಒಂದು ಪುಟ್ಟ ಮುಳ್ಳಿದೆ. ಅದು ಹೇಳಿದ್ದನ್ನೆಲ್ಲ ನಂಬಿ ದೂರದ ಪ್ರಯಾಣ ಹೊರಟರೆ ಕೆಟ್ಟಿರಿ. ಈ ವಿಮರ್ಶೆ ಪೂರ್ತಿ ಆ ಮುಳ್ಳಿನ ಬಗ್ಗೆಯೇ. ಪವರ್, ಟಾರ್ಕ್, ಸೀಟು, ಸ್ಪೀಕರ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಕಾರು ಎರಡು ಬಾಗಿಲಿನ ಕೂಪೆ. ಎಂಜಿನ್ ಮುಂದೆ, ಪವರ್ ಹಿಂದಿನ ಚಕ್ರಕ್ಕೆ. ಟ್ಯಾಂಕ್ 50 ಲೀಟರ್. ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿಯೂ ಹೆಚ್ಚು ಉಪಯೋಗವಿಲ್ಲ. ಇದೇ ಥರದ ಟ್ಯಾಂಕ್ ಇರುವ ಬೇರೆ ಬ್ರಾಂಡ್‌ಗಳ ಕಾರುಗಳೂ ಹೆಚ್ಚು ಕಡಿಮೆ ಹೀಗೇ ಆಡುತ್ತವೆ.

ಮೊದಲು ಅದು ಏನು ಮಾಡುತ್ತದೆ ಅಂತ ಹೇಳುತ್ತೇನೆ. ಫುಲ್ ಟ್ಯಾಂಕ್ ಮಾಡಿಸಿ ಹೊರಟರೆ ಮೊದಲ ನೂರು ಕಿಲೋಮೀಟರ್ ಮುಳ್ಳು ಅಲ್ಲಾಡುವುದೇ ಇಲ್ಲ. ಆಹಾ, ಎಂಥ ಮೈಲೇಜ್ ಅನ್ನಿಸುತ್ತದೆ. ಆಮೇಲೆ ಅರ್ಧದವರೆಗೆ ಮರ್ಯಾದೆಯಿಂದ ಇಳಿಯುತ್ತದೆ. ಅರ್ಧ ದಾಟಿದ ಮೇಲೆ ಅದಕ್ಕೆ ಏನೋ ಅವಸರ. ಕಾಲು ಟ್ಯಾಂಕಿನ ಹತ್ತಿರ ಬರುವಷ್ಟರಲ್ಲಿ ‘ಇನ್ನು ಇಷ್ಟು ಕಿಲೋಮೀಟರ್ ಹೋಗಬಹುದು’ ಅನ್ನುವ ಅಂಕಿಯೂ ಕುಣಿಯಲು ಶುರು ಮಾಡುತ್ತದೆ. ಹಳದಿ ದೀಪ ಹತ್ತಿದ ಕೂಡಲೇ ಬಂಕಿಗೆ ಹೋದರೆ ಮೊದಲ ಕ್ಲಿಕ್‌ವರೆಗೆ ಹಿಡಿಯುವುದು 38 ಲೀಟರ್ ಆಸುಪಾಸು. ಅಂದರೆ ದೀಪ ಹತ್ತಿದಾಗ ಒಳಗೆ ಇನ್ನೂ 12 ಲೀಟರ್ ಹತ್ತಿರ ಇತ್ತು. ಮ್ಯಾನ್ಯುಯಲ್‌ನಲ್ಲಿ ಬರೆದಿರುವುದು 8 ಲೀಟರ್. ನಾಝಲ್ ಬೇಗ ಕ್ಲಿಕ್ ಆಯಿತು ಅಂತ ಒಂದೆರಡು ಲೀಟರ್ ಬಿಟ್ಟರೂ ಲೆಕ್ಕ ಸರಿಹೋಗುವುದಿಲ್ಲ.

ಇದೆಲ್ಲ ಕೆಟ್ಟುಹೋದ ಗೇಜ್‌ನ ಲಕ್ಷಣ ಅಂತ ಅನ್ನಿಸಬಹುದು. ಇದರಲ್ಲಿ ಬಹುಪಾಲು ಹಾಗಲ್ಲ. ಒಳಗೆ ಏನಿದೆ ಅಂತ ಗೊತ್ತಾದರೆ ಸಿಟ್ಟು ಅರ್ಧ ಇಳಿಯುತ್ತದೆ.

ಟ್ಯಾಂಕಿನ ಒಳಗೆ ಒಂದು ತೇಲುವ ಫ್ಲೋಟ್ ಇರುತ್ತದೆ. ಅದಕ್ಕೊಂದು ಉದ್ದ ಕಂಬಿಯ ತೋಳು. ತೋಳು ಮೇಲೆ ಕೆಳಗೆ ಹೋದಂತೆ ಅದರ ಬುಡದಲ್ಲಿರುವ ಒಂದು ಚಿಕ್ಕ ಸಂಪರ್ಕ, ವಿದ್ಯುತ್ತಿಗೆ ತಡೆ ಒಡ್ಡುವ ರೆಸಿಸ್ಟೆನ್ಸ್ ಪಟ್ಟಿಯ ಮೇಲೆ ಜಾರುತ್ತದೆ. ಇದನ್ನೇ ಮೆಕ್ಯಾನಿಕ್‌ಗಳು ಸೆಂಡರ್ ಅಥವಾ ಸೆಂಡಿಂಗ್ ಯೂನಿಟ್ ಅನ್ನುತ್ತಾರೆ. ಆ ತಡೆಯ ಅಳತೆ ಓಮ್. ಎಷ್ಟು ಓಮ್‌ಗೆ ಖಾಲಿ, ಎಷ್ಟು ಓಮ್‌ಗೆ ಫುಲ್ ಅನ್ನುವುದು ತಯಾರಕರಿಂದ ತಯಾರಕರಿಗೆ ಬೇರೆ. ಕೆಲವರಲ್ಲಿ ಖಾಲಿ 0, ಫುಲ್ 90. ಇನ್ನು ಕೆಲವರಲ್ಲಿ ಉಲ್ಟಾ, ಖಾಲಿಗೆ 240, ಫುಲ್‌ಗೆ 33. ಇಷ್ಟೇ ಯಂತ್ರ. ಇದು ಲೀಟರ್ ಅಳೆಯುವುದೇ ಇಲ್ಲ. ಒಂದು ಜಾಗದಲ್ಲಿ ಪೆಟ್ರೋಲ್ ಎಷ್ಟು ಎತ್ತರಕ್ಕಿದೆ ಅನ್ನುವುದನ್ನು ಮಾತ್ರ ಅಳೆಯುತ್ತದೆ.

ಮೊದಲ ನೂರು ಕಿಲೋಮೀಟರ್ ಮುಳ್ಳು ಯಾಕೆ ಅಲ್ಲಾಡಲಿಲ್ಲ ಅನ್ನುವುದಕ್ಕೆ ಇಲ್ಲೇ ಉತ್ತರ ಇದೆ. ಟ್ಯಾಂಕ್ ಪೂರ್ತಿ ತುಂಬುವ ಮೊದಲೇ ಫ್ಲೋಟ್ ಮೇಲಿನ ಮಿತಿಗೆ ಹೋಗಿ ನಿಲ್ಲುತ್ತದೆ. ಅದಾದ ಮೇಲೆ ಹಾಕಿದ ಲೀಟರ್‌ಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಖರ್ಚಾಗುವಾಗಲೂ ಅಷ್ಟೇ. ಮೇಲಿನ ಆ ಪೆಟ್ರೋಲ್ ಮುಗಿದ ನಂತರವೇ ಫ್ಲೋಟ್ ಕೆಳಗಿಳಿಯಲು ಶುರು. ಕೆಳಗಿನ ತುದಿಯಲ್ಲೂ ಹೀಗೇ ಸ್ವಲ್ಪ ಜಾಗ ಲೆಕ್ಕಕ್ಕೆ ಸಿಗದೆ ಉಳಿಯುತ್ತದೆ.

ಇನ್ನು ಸ್ಪೋರ್ಟಿ ಕಾರಿನ ವಿಶೇಷ ಕಷ್ಟಕ್ಕೆ ಬರೋಣ. ಕಾರು ಕೆಳಮಟ್ಟದ್ದು. ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ನಡುವೆ ಹಾದುಹೋಗಬೇಕು. ಎಕ್ಸಾಸ್ಟ್ ಪೈಪ್‌ಗೂ ಜಾಗ ಬೇಕು. ಉಳಿದ ಜಾಗದಲ್ಲಿ ಟ್ಯಾಂಕ್. ಹಾಗಾಗಿ ಕುದುರೆಯ ಬೆನ್ನಿನ ಮೇಲೆ ಹಾಕಿದ ಜೋಡಿ ಚೀಲದಂತೆ ಟ್ಯಾಂಕ್ ಶಾಫ್ಟ್‌ನ ಎರಡೂ ಬದಿಗೆ ಇಳಿಬೀಳುತ್ತದೆ. ಸ್ಯಾಡಲ್ ಟ್ಯಾಂಕ್ ಅಂತಲೇ ಇದಕ್ಕೆ ಹೆಸರು. ಪೆಟ್ರೋಲ್ ಜಾಸ್ತಿ ಇದ್ದಾಗ ಎರಡೂ ಬದಿ ಮೇಲಿನಿಂದ ಕೂಡಿಕೊಂಡಿರುತ್ತವೆ. ಮಟ್ಟ ನಡುವಿನ ದಿಬ್ಬಕ್ಕಿಂತ ಕೆಳಗೆ ಇಳಿದ ಕೂಡಲೇ ಅದು ಎರಡು ಬೇರೆ ಬೇರೆ ಟ್ಯಾಂಕ್ ಆಗಿಬಿಡುತ್ತದೆ.

ಪಂಪ್ ಇರುವುದು ಒಂದು ಬದಿಯಲ್ಲಿ ಮಾತ್ರ. ಇನ್ನೊಂದು ಬದಿಯ ಪೆಟ್ರೋಲ್ ಅಲ್ಲಿಗೆ ಬರಬೇಕಲ್ಲ? ಅದಕ್ಕೆ ಜೆಟ್ ಪಂಪ್ ಅಂತ ಒಂದು ಸಣ್ಣ ಭಾಗ ಇದೆ. ಮೋಟರ್ ಇಲ್ಲ, ವೈರ್ ಇಲ್ಲ. ಮುಖ್ಯ ಪಂಪಿನಿಂದ ಬರುವ ಪೆಟ್ರೋಲ್‌ನ ಒಂದು ಭಾಗ ಕಿರಿದಾದ ರಂಧ್ರದಿಂದ ಜೋರಾಗಿ ಹರಿಯುತ್ತದೆ. ಅಲ್ಲಿ ಹುಟ್ಟುವ ಸೆಳೆತ ಆ ಬದಿಯ ಪೆಟ್ರೋಲ್ ಅನ್ನು ಎಳೆದು ಈ ಬದಿಗೆ ಸುರಿಯುತ್ತದೆ. ನನಗಂತೂ ಇಡೀ ಕಾರಿನಲ್ಲಿ ಇದಕ್ಕಿಂತ ಇಷ್ಟವಾದ ಭಾಗ ಇನ್ನೊಂದಿಲ್ಲ. ಎರಡು ಬದಿಗೆ ಎರಡು ಸೆಂಡರ್ ಇರುತ್ತವೆ. ಕಂಪ್ಯೂಟರ್ ಎರಡನ್ನೂ ಕೂಡಿ ಒಂದು ಮುಳ್ಳಿಗೆ ಕೊಡುತ್ತದೆ.

ಈ ಕೂಡುವಿಕೆಯಲ್ಲೇ ಅಪಾಯ ಇರುವುದು. ಜೆಟ್ ಪಂಪ್ ಕಟ್ಟಿಕೊಂಡಿತು ಅಂದುಕೊಳ್ಳಿ. ಪಂಪ್ ಇರುವ ಬದಿ ಖಾಲಿಯಾಗುತ್ತದೆ, ಇನ್ನೊಂದು ಬದಿ ತುಂಬಿದ ಹಾಗೇ ಇರುತ್ತದೆ. ಮುಳ್ಳು ಕಾಲು ಟ್ಯಾಂಕಿಗಿಂತ ಜಾಸ್ತಿ ತೋರಿಸುತ್ತಿರುವಾಗಲೇ ಎಂಜಿನ್ ನಿಂತುಹೋಗುತ್ತದೆ. ಮುಳ್ಳು ಸುಳ್ಳು ಹೇಳಲಿಲ್ಲ ನೋಡಿ. ಪೆಟ್ರೋಲ್ ನಿಜವಾಗಿ ಇದೆ, ಎಂಜಿನ್‌ಗೆ ಸಿಗುತ್ತಿಲ್ಲ. ನನ್ನ ಕಾರಿನಲ್ಲಿ ಇದು ಆಗಿಲ್ಲ. ಆದರೆ ಹಳೆಯ ಸ್ಯಾಡಲ್ ಟ್ಯಾಂಕ್ ಕಾರು ಇಟ್ಟುಕೊಂಡವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಜೋರಾಗಿ ಓಡಿಸುವವರಿಗೆ ಇನ್ನೊಂದು ವಿಷಯ. ಉದ್ದನೆಯ ತಿರುವಿನಲ್ಲಿ ಪೆಟ್ರೋಲ್ ಹೊರಬದಿಗೆ ಒತ್ತಿಕೊಂಡು ದಿಬ್ಬ ಹಾರಿ ಆ ಕಡೆ ಹೋಗುತ್ತದೆ. ಜೆಟ್ ಪಂಪ್ ಅದನ್ನು ವಾಪಸ್ ತರಲು ಸಮಯ ಬೇಕು. ಟ್ಯಾಂಕ್ ಕಮ್ಮಿ ಇದ್ದರೆ ಅಷ್ಟರಲ್ಲಿ ಎಂಜಿನ್ ಒಂದು ಕ್ಷಣ ಬಿಕ್ಕುತ್ತದೆ. ನನ್ನ ಕಾರಿನಲ್ಲಿ ಇದು ಬಲ ತಿರುವಿನಲ್ಲಿ ಮಾತ್ರ ಆಗುತ್ತದೆ, ಪಂಪ್ ಬಲಬದಿಯಲ್ಲಿದೆ ಅದಕ್ಕೆ. ಮುಳ್ಳು ಆಗಲೂ ಕಾಲು ಟ್ಯಾಂಕ್ ಅಂತ ಆರಾಮಾಗಿ ಕೂತಿರುತ್ತದೆ. ಟ್ರ್ಯಾಕ್‌ಗೆ ಹೋಗುವ ದಿನ ಅರ್ಧಕ್ಕಿಂತ ಕಮ್ಮಿ ಬಿಡಬೇಡಿ.

ಇಷ್ಟೆಲ್ಲ ಕುಲುಕಾಟ ಇದ್ದರೂ ಮುಳ್ಳು ಯಾಕೆ ನಡುಗುವುದಿಲ್ಲ? ಸಾಫ್ಟ್‌ವೇರ್ ಅದನ್ನು ಹಿಡಿದಿಟ್ಟಿರುತ್ತದೆ. ಸೆಂಡರ್ ಕೊಡುವ ಅಂಕಿಯನ್ನು ಕೂಡಲೇ ತೋರಿಸದೆ ಸ್ವಲ್ಪ ಹೊತ್ತಿನ ಸರಾಸರಿ ತೆಗೆದು ತೋರಿಸುತ್ತದೆ. ಒಳ್ಳೆಯದೇ. ಆದರೆ ಇದರ ಅಡ್ಡ ಪರಿಣಾಮವೂ ಇದೆ. ನಾಲ್ಕೈದು ಲೀಟರ್ ಮಾತ್ರ ಹಾಕಿಸಿದರೆ ನನ್ನ ಕಾರಿನ ಮುಳ್ಳು ಏಳುವುದೇ ಇಲ್ಲ. ಇಷ್ಟು ಸಣ್ಣ ವ್ಯತ್ಯಾಸವನ್ನು ಅದು ಕುಲುಕಾಟ ಅಂತ ಪಕ್ಕಕ್ಕೆ ಇಡುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಇದಕ್ಕೆ ಉಲ್ಟಾ. ಓರೆಯಾಗಿ ನಿಂತ ಪೆಟ್ರೋಲ್‌ನ ಎತ್ತರವನ್ನೇ ನಿಜ ಅಂತ ಹಿಡಿದುಕೊಂಡು, ಸಮತಟ್ಟಿನ ರಸ್ತೆಗೆ ಬಂದು ತುಂಬಾ ಹೊತ್ತಾದ ಮೇಲೆ ನಿಧಾನಕ್ಕೆ ಸರಿಮಾಡಿಕೊಳ್ಳುತ್ತದೆ.

ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ ಅನ್ನುವ ವಾದವೂ ಉಂಟು. ನಿಜವೇ. 10 ಡಿಗ್ರಿ ಏರಿದರೆ ಗಾತ್ರ ಸುಮಾರು ಶೇಕಡಾ 1 ಹೆಚ್ಚುತ್ತದೆ. 40 ಲೀಟರ್‌ಗೆ ಅರ್ಧ ಲೀಟರೂ ಆಗಲಿಲ್ಲ. ಇದನ್ನು ದೂರುವುದರಲ್ಲಿ ಅರ್ಥವಿಲ್ಲ.

ನನಗೆ ನಿಜವಾಗಿ ಬೇಸರ ತರಿಸುವುದು ಮುಳ್ಳಿಗಿಂತ ಅದರ ಪಕ್ಕದ ರೇಂಜ್ ಅಂಕಿ. ಅದು ಉಳಿದ ಪೆಟ್ರೋಲ್ ಅನ್ನು ಇತ್ತೀಚಿನ ಮೈಲೇಜ್‌ನಿಂದ ಗುಣಿಸಿ ಬರುವ ಲೆಕ್ಕ. 20 ಲೀಟರ್ ಇದೆ, ಹೆದ್ದಾರಿಯಲ್ಲಿ ಶಾಂತವಾಗಿ ಲೀಟರ್‌ಗೆ 14 ಕಿಲೋಮೀಟರ್ ಸಿಗುತ್ತಿದೆ ಅಂದರೆ 280 ತೋರಿಸುತ್ತದೆ. ಅಲ್ಲಿಂದ ತಿರುವುಗಳ ರಸ್ತೆಗೆ ಇಳಿದು ಎಂಜಿನ್ ಅನ್ನು ಮೇಲಿನ ಆರ್‌ಪಿಎಂನಲ್ಲಿ ಹಾಡಿಸಿದಿರಿ, ಮೈಲೇಜ್ 7ಕ್ಕೆ ಬಂತು. ಅಂಕಿ 140ರ ಕಡೆ ಜಾರುತ್ತದೆ. ಪೆಟ್ರೋಲ್ ಸೋರಿತೇನೋ ಅನ್ನುವಷ್ಟು ಗಾಬರಿ. ಸಾಮಾನ್ಯ ಕಾರಿನಲ್ಲಿ ಶಾಂತ ಓಟಕ್ಕೂ ಜೋರು ಓಟಕ್ಕೂ ಇಷ್ಟು ಅಂತರ ಇರುವುದಿಲ್ಲ. ಈ ಥರದ ಕಾರನ್ನು ಕೊಳ್ಳುವುದೇ ಆ ಅಂತರಕ್ಕಾಗಿ ಅಲ್ವಾ? ಹಾಗಿರುವಾಗ ಒಂದೇ ಅಂಕಿಯನ್ನು ಅಷ್ಟು ಖಚಿತವಾಗಿ ಯಾಕೆ ತೋರಿಸಬೇಕೋ ಗೊತ್ತಾಗುವುದಿಲ್ಲ.

ಸುಮ್ನೆ ಅನುಮಾನ ಪಡುವ ಬದಲು ಅಳೆದು ನೋಡಿದೆ. ಕಾರಿನ ಕಂಪ್ಯೂಟರ್‌ನ ಅಂಕಿಗಳನ್ನು ಓದಲು ಕೊಟ್ಟಿರುವ ಒಬಿಡಿ ಪೋರ್ಟ್‌ಗೆ ಹಾಕುವ ಒಂದು ಸಣ್ಣ ರೀಡರ್ ಸಾಕು. ಟ್ಯಾಂಕ್ ಮಟ್ಟಕ್ಕೆ ಒಬಿಡಿಯಲ್ಲಿ 2ಎಫ್ ಅನ್ನುವ ಸಂಖ್ಯೆ ಇದೆ, 0ಯಿಂದ 100ರವರೆಗೆ ಶೇಕಡಾವಾರು ಕೊಡುತ್ತದೆ. 255 ಹೆಜ್ಜೆಗಳಲ್ಲಿ ಅಳೆಯುವುದರಿಂದ 50 ಲೀಟರ್ ಟ್ಯಾಂಕಿಗೆ ಒಂದು ಹೆಜ್ಜೆ ಅಂದರೆ 0.2 ಲೀಟರ್. ಕೆಲವು ಕಾರುಗಳು ಇಲ್ಲೂ ಸರಾಸರಿ ತೆಗೆದ ಅಂಕಿಯನ್ನೇ ಕೊಡುತ್ತವೆ. ನನ್ನದು ಕಚ್ಚಾ ಅಂಕಿ ಕೊಡುತ್ತದೆ, ತಿರುವಿನಲ್ಲಿ ಅದು ಮೇಲೆ ಕೆಳಗೆ ಜಿಗಿಯುವುದನ್ನು ನೋಡುವುದೇ ಒಂದು ಮಜಾ (ಪಕ್ಕದಲ್ಲಿ ಕೂತವರು ನೋಡಬೇಕು, ಓಡಿಸುವವರಲ್ಲ). ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಓದಿದ ಅಂಕಿಯನ್ನು ಬಂಕಿನಲ್ಲಿ ಹಿಡಿದ ಲೀಟರ್ ಜೊತೆ ಹೋಲಿಸುತ್ತಾ ಬಂದೆ. ಅರ್ಧದ ಸುತ್ತಮುತ್ತ ಎರಡೂ ಚೆನ್ನಾಗಿ ಹೊಂದುತ್ತವೆ. ಹಳದಿ ದೀಪದ ಹತ್ತಿರ ಕಾರು ಬೇಕಂತಲೇ ಕಮ್ಮಿ ಹೇಳುತ್ತದೆ. ಟ್ಯಾಂಕಿನೊಳಗಿನ ಪಂಪ್ ತಂಪಾಗಿರುವುದು ಪೆಟ್ರೋಲ್‌ನಿಂದಲೇ. ತೀರಾ ಖಾಲಿಯಾಗುವ ಮೊದಲೇ ನಿಮ್ಮನ್ನು ಬಂಕಿಗೆ ಕಳಿಸಿದರೆ ಪಂಪಿಗೂ ಒಳ್ಳೆಯದು.

ನಿಜವಾದ ದೋಷವೂ ಒಂದು ಬಂತು. ಮುಳ್ಳು ಇದ್ದಕ್ಕಿದ್ದಂತೆ ಅರ್ಧದಿಂದ ಪೂರ್ತಿ ಕೆಳಗೆ ಬಿದ್ದು, ರಸ್ತೆಯ ಗುಂಡಿಯಲ್ಲಿ ಕಾರು ಕುಲುಕಿದಾಗ ವಾಪಸ್ ಬರುತ್ತಿತ್ತು. ಸರಾಸರಿ ತೆಗೆಯುವ ಸಾಫ್ಟ್‌ವೇರ್ ಇರುವಾಗ ಪೆಟ್ರೋಲ್ ಕುಲುಕಿದ್ದಕ್ಕೆ ಮುಳ್ಳು ಹೀಗೆ ಬೀಳುವುದಿಲ್ಲ. ಸಿಗ್ನಲ್ ಕಡಿದುಹೋದರೆ ಬೀಳುತ್ತದೆ. ಸರ್ವಿಸ್ ಸೆಂಟರ್‌ನವರು ನೋಡಿದ ಕೂಡಲೇ ಪಂಪ್, ಸೆಂಡರ್ ಎಲ್ಲ ಸೇರಿದ ಇಡೀ ಜೋಡಣೆ ಬದಲಿಸಬೇಕು ಅಂದರು. ಓಮ್ ಅಳೆದಿರಾ ಅಂತ ಕೇಳಿದರೆ ಉತ್ತರವಿಲ್ಲ. ಇನ್ನೊಬ್ಬ ಮೆಕ್ಯಾನಿಕ್ ಹಿಂದಿನ ಸೀಟು ಎತ್ತಿ ಎರಡೂ ಸೆಂಡರ್‌ಗೆ ಮಲ್ಟಿಮೀಟರ್ ಇಟ್ಟರು. ಎರಡೂ ಸರಿಯಿದ್ದವು. ಎಡಬದಿಯ ಕನೆಕ್ಟರ್‌ನಲ್ಲಿ ಅರ್ತ್ ಪಿನ್ ಹಸಿರುಗಟ್ಟಿತ್ತು. ಅದನ್ನು ಶುಚಿ ಮಾಡಿದ ಮೇಲೆ ಇವತ್ತಿನವರೆಗೆ ಆ ತೊಂದರೆ ಇಲ್ಲ.

ಅರ್ತ್ ಕೆಟ್ಟರೆ ಮುಳ್ಳು ಯಾವ ಕಡೆ ತಪ್ಪುತ್ತದೆ ಅನ್ನುವುದು ಮೊದಲು ಹೇಳಿದ ಓಮ್ ಲೆಕ್ಕದ ಮೇಲೆ ನಿಂತಿದೆ. ಕೆಟ್ಟ ಸಂಪರ್ಕ ರೆಸಿಸ್ಟೆನ್ಸ್ ಹೆಚ್ಚಿಸುತ್ತದೆ. 90 ಓಮ್‌ಗೆ ಫುಲ್ ಅನ್ನುವ ಕಾರು ಆಗ ಜಾಸ್ತಿ ತೋರಿಸುತ್ತದೆ, 240ಕ್ಕೆ ಖಾಲಿ ಅನ್ನುವ ಕಾರು ಕಮ್ಮಿ ತೋರಿಸುತ್ತದೆ. ಜಾಸ್ತಿ ತೋರಿಸುವ ದೋಷವೇ ಹೆಚ್ಚು ಕೆಟ್ಟದ್ದು, ರಸ್ತೆಯಲ್ಲಿ ನಿಲ್ಲಿಸುವುದು ಅದೇ. ಒಬಿಡಿ ಅಂಕಿ ಸರಿಯಿದ್ದು ಮುಳ್ಳು ಮಾತ್ರ ತಪ್ಪಾಗಿದ್ದರೆ ಟ್ಯಾಂಕ್ ಬಿಚ್ಚಿಸಬೇಡಿ, ದೋಷ ಮೀಟರ್ ಒಳಗಿನ ಪುಟ್ಟ ಮೋಟರ್‌ನಲ್ಲಿ ಇರಬಹುದು. ಫ್ಲೋಟ್ ತೂತಾಗಿ ಪೆಟ್ರೋಲ್ ಕುಡಿದರೆ ಯಾವಾಗಲೂ ಕಮ್ಮಿಯೇ ತೋರಿಸುತ್ತದೆ.

ಪೆಟ್ರೋಲೇ ಸೆಂಡರ್ ಹಾಳು ಮಾಡುವುದೂ ಉಂಟು. ಜಾರುವ ಸಂಪರ್ಕಗಳಲ್ಲಿ ಬೆಳ್ಳಿ ಇರುತ್ತದೆ, ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. 2004ರಲ್ಲಿ ಅಮೆರಿಕದ ಲೂಸಿಯಾನಾ, ಫ್ಲೋರಿಡಾ ಕಡೆ ಗಂಧಕ ಜಾಸ್ತಿಯಿದ್ದ ಪೆಟ್ರೋಲ್ ಮಾರಾಟವಾಗಿ ಎಷ್ಟೋ ಕಾರುಗಳ ಗೇಜ್ ಕೆಟ್ಟಿದ್ದವು. ನನ್ನ ಕಾರಿನ ದೋಷ ಆ ಥರದ್ದಲ್ಲದ ಕಾರಣ ಪೆಟ್ರೋಲ್‌ಗೆ ಬೆರೆಸುವ ಕ್ಲೀನರ್ ಬಾಟಲಿ ಹಾಕಿ ಪ್ರಯೋಜನ ಆಗುತ್ತಿರಲಿಲ್ಲ.

ಈಗ ನಾನು ಮುಳ್ಳನ್ನು ಅರ್ಧದವರೆಗೆ ನೋಡುತ್ತೇನೆ, ಆಮೇಲೆ ಟ್ರಿಪ್ ಮೀಟರ್. ಪ್ರತಿ ಫುಲ್ ಟ್ಯಾಂಕಿಗೆ ಅದನ್ನು ಸೊನ್ನೆ ಮಾಡುತ್ತೇನೆ. ನಾಝಲ್ ಕ್ಲಿಕ್ ಆದ ಮೇಲೆ ಇನ್ನೂ ತುರುಕಿಸುವುದಿಲ್ಲ, ಹೆಚ್ಚಾದ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ಹೋದರೆ ಅದು ಹಾಳು. ರೇಂಜ್ ಅಂಕಿಯನ್ನು ಪರದೆಯಿಂದಲೇ ತೆಗೆದು ಆ ಜಾಗದಲ್ಲಿ ಆಯಿಲ್ ತಾಪಮಾನ ಇಟ್ಟಿದ್ದೇನೆ.

ಕಾರಿಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಗೇಜ್‌ಗೆ ಎರಡೂವರೆ. ಕತ್ತರಿಸಿದ ಅಂಕ ಯಂತ್ರಕ್ಕಲ್ಲ, ತೋರಿಸುವ ರೀತಿಗೆ. ಒಳಗೆ ಎರಡು ಸೆಂಡರ್‌ಗಳ ಅಂಕಿ ಇದ್ದೇ ಇದೆ. ಕೆಲವು ಕಾರುಗಳಲ್ಲಿ ಮೀಟರ್‌ನ ಗುಪ್ತ ಟೆಸ್ಟ್ ಮೋಡ್‌ಗೆ ಹೋದರೆ ಎಡ ಬಲ ಎರಡೂ ಬೇರೆ ಬೇರೆ ಕಾಣುತ್ತವೆ. ಇದರಲ್ಲೂ ಲೀಟರ್ ಲೆಕ್ಕವನ್ನು ಮೆನುವಿನಲ್ಲಿ ಎಲ್ಲೋ ಒಂದು ಕಡೆ ಇಟ್ಟಿದ್ದರೆ ಸಾಕಿತ್ತು.

ಇಂಥ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಫುಲ್ ಟ್ಯಾಂಕ್ ಇಟ್ಟು ತೋರಿಸಿದರೆ ಒಪ್ಪಬೇಡಿ. ಕಾಲು ಟ್ಯಾಂಕ್ ಇರುವಾಗ ಓಡಿಸಿ, ಎಡಕ್ಕೂ ಬಲಕ್ಕೂ ತಿರುಗಿಸಿ, ರೀಡರ್ ಹಾಕಿ ಅಂಕಿ ನೋಡಿ. ಹಿಂದಿನ ಸೀಟಿನ ಕೆಳಗಿನ ಎರಡು ಕನೆಕ್ಟರ್‌ಗಳನ್ನು ನೋಡಲು ಹೆಚ್ಚು ಹೊತ್ತು ಬೇಕಿಲ್ಲ.