ನಾಯಿ ಜೊತೆ ಬಾಡಿಗೆಗೆ: ಈ ಅಪಾರ್ಟ್‌ಮೆಂಟಿನಲ್ಲಿ ನಮ್ಮ 14 ತಿಂಗಳು

ಕನಕಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟ್. ನಾಲ್ಕನೇ ಮಹಡಿ, ಎರಡು ಬೆಡ್‌ರೂಮ್. ಇನ್ನೂ ಅಲ್ಲೇ ಇದ್ದೇವೆ, ಹಾಗಾಗಿ ಹೆಸರು ಬರೆಯುವುದಿಲ್ಲ. ನೀರಿಗೆ ತೊಂದರೆ ಇಲ್ಲ, ಪಾರ್ಕಿಂಗ್ ಚೆನ್ನಾಗಿದೆ. ನಾನು ಬರೆಯಲು ಕೂತಿರುವುದು ನಾಯಿ ಸಾಕಿಕೊಂಡು ಅಲ್ಲಿ ಬಾಡಿಗೆಗಿರುವುದು ಹೇಗಿದೆ ಅಂತ. ಮನೆ ಹುಡುಕುವಾಗ ನನಗೆ ಇದನ್ನು ಹೇಳುವವರು ಯಾರೂ ಸಿಗಲಿಲ್ಲ.

ನಮ್ಮ ಕೆಂಚಿಗೆ ಈಗ ಏಳು ವರ್ಷ. ನಾಟಿ ನಾಯಿ. ಅರಸೀಕೆರೆಯಲ್ಲಿ ಅಮ್ಮನ ಮನೆ ಹಿತ್ತಲಿಗೆ ಮರಿಯಾಗಿ ಬಂದವಳು. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಬೆಂಗಳೂರಿಗೆ ಕರೆತಂದೆವು. ಆಗ ನೋಡಿದ ಒಂಬತ್ತು ಮನೆ ಕೈತಪ್ಪಿದವು. ಕೆಲವರು ಫೋನಿನಲ್ಲೇ "ನಾಯಿ ಇದ್ರೆ ಬೇಡ ಮೇಡಂ" ಅಂದರು. ಒಬ್ಬ ಬ್ರೋಕರ್, "ಮೊದಲು ನೀವು ಬಂದು ಸೇರ್ಕೊಳ್ಳಿ, ಒಂದು ತಿಂಗಳು ಬಿಟ್ಟು ನಾಯಿ ತನ್ನಿ, ಯಾರು ಕೇಳ್ತಾರೆ" ಅಂದರು. ನಾನು ಒಪ್ಪಲಿಲ್ಲ. ಅವಳು ಬೊಗಳಿದಾಗಲೆಲ್ಲ ಎದೆ ಹಿಡಿದುಕೊಂಡು ಕೂರುವ ಮನೆ ನನಗೆ ಬೇಡವಾಗಿತ್ತು.

ಈ ಮನೆಯ ಓನರ್ ಬಗ್ಗೆ ಎಷ್ಟು ಒಳ್ಳೆಯದು ಹೇಳಿದರೂ ಕಡಿಮೆ. "ಮನೆ ನೋಡೋಕೆ ಅವಳನ್ನೂ ಕರ್ಕೊಂಡು ಬನ್ನಿ" ಅಂದರು. ಬಂದಳು, ಬಾಲ್ಕನಿ ಮೂಲೆ ಮೂಸಿದಳು, ಅಲ್ಲೇ ಮಲಗಿದಳು. 11 ತಿಂಗಳ ಅಗ್ರಿಮೆಂಟಿನಲ್ಲಿ ಅವರೇ ಎರಡು ಸಾಲು ಸೇರಿಸಿದರು. ಒಂದು ನಾಯಿ ಇರುತ್ತದೆ ಅಂತ ಮೊದಲನೆಯದು. ಬಾಗಿಲು, ಮೆಶ್ ಹಾಳಾದರೆ ರಿಪೇರಿ ಬಿಲ್ ನೋಡಿಕೊಂಡು ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆ ಅಂತ ಎರಡನೆಯದು. ಪೇಂಟಿಂಗಿಗೆ ಅಂತ ಎಲ್ಲರ ಹತ್ತಿರ ಹಿಡಿಯುವ ಒಂದು ತಿಂಗಳ ಬಾಡಿಗೆ ಬಿಟ್ಟು, ನಾಯಿಗೆ ಅಂತ ಬೇರೆ ಏನೂ ಇಲ್ಲ.

ತೊಂದರೆ ಬಂದದ್ದು ಅಸೋಸಿಯೇಷನ್ನಿನಿಂದ. ಸೇರಿ ಒಂದು ವಾರಕ್ಕೆ ಲಿಫ್ಟ್ ಹತ್ತಿರ ಸೆಕ್ಯುರಿಟಿ ಅಣ್ಣ ತಡೆದರು. ನೋಟಿಸ್ ಬೋರ್ಡಿನಲ್ಲಿ ಮೂರು ನಿಯಮ ಇತ್ತು: ಲಿಫ್ಟಿನಲ್ಲಿ ನಾಯಿ ಬಿಡುವುದಿಲ್ಲ, ತಿಂಗಳಿಗೆ 500 ರೂಪಾಯಿ ಹೆಚ್ಚುವರಿ ಕೊಡಬೇಕು, ಬಾಡಿಗೆಯವರು ನಾಯಿ ಸಾಕುವಂತಿಲ್ಲ. ಸ್ವಂತ ಫ್ಲಾಟಿನವರು ಸಾಕಬಹುದಂತೆ! ನನಗೆ ಜಾಸ್ತಿ ನೋವಾದದ್ದು ಆ ಮೂರನೆಯದಕ್ಕೆ. ನಾವೂ ಪ್ರತಿ ತಿಂಗಳು ಮೇಂಟೆನೆನ್ಸ್ ಕಟ್ಟುತ್ತೇವೆ, ಅಲ್ವಾ? ಕೆಂಚಿಯ ಹಿಂಗಾಲಿಗೆ ಹಿಂದೆ ಬೈಕ್ ತಾಗಿತ್ತು. ದಿನಕ್ಕೆ ಮೂರು ಸಲ ನಾಲ್ಕು ಮಹಡಿ ಇಳಿದು ಹತ್ತಿ ಎರಡು ವಾರದಲ್ಲಿ ಅವಳು ಕುಂಟಲು ಶುರು ಮಾಡಿದಳು.

ಆಗ ನಾನು ಓದಿಕೊಂಡೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಅಂತ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಆದದ್ದು. 2015ರ ಫೆಬ್ರವರಿಯಲ್ಲಿ ಅದು ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಸಭೆಯಲ್ಲಿ ಹೆಚ್ಚು ಜನ ಕೈ ಎತ್ತಿದರೂ ಸಾಕುಪ್ರಾಣಿ ಬೇಡ ಎನ್ನುವಂತಿಲ್ಲ. ಬೊಗಳುತ್ತದೆ ಅನ್ನುವುದು ಹೊರಗೆ ಹಾಕಲು ಕಾರಣವಲ್ಲ. ಲಿಫ್ಟ್ ತಡೆಯುವಂತಿಲ್ಲ, ಲಿಫ್ಟಿಗೆ ಅಂತ ಬೇರೆ ದುಡ್ಡೂ ಕೇಳುವಂತಿಲ್ಲ. ಸಾಕುವವರಿಗೂ ಅದು ಬುದ್ಧಿ ಹೇಳುತ್ತದೆ: ಹೊರಗೆ ಬಂದರೆ ಬೆಲ್ಟ್ ಹಾಕಿ, ಅದು ಮಾಡಿದ ಗಲೀಜು ನೀವೇ ತೆಗೆಯಿರಿ, ಲಸಿಕೆ ತಪ್ಪಿಸಬೇಡಿ.

ಇದರ ಪ್ರಿಂಟ್, ಕೆಂಚಿಯ ರೇಬಿಸ್ ಲಸಿಕೆ ಕಾರ್ಡ್, ಪಾಲಿಕೆ ಲೈಸೆನ್ಸ್, ಮೂರನ್ನೂ ಹಿಡಿದು ಸಭೆಗೆ ಹೋದೆ. ಓನರ್ ಕೂಡ ಬಂದು ಪಕ್ಕದಲ್ಲಿ ಕೂತರು. ಒಬ್ಬರು, ಬಿಬಿಎಂಪಿ ನಿಯಮವೇ ಇದೆಯಲ್ಲ ಅಂದರು. 2018ರಲ್ಲಿ ಫ್ಲಾಟಿಗೆ ಒಂದೇ ನಾಯಿ ಅಂತ ನಿಯಮ ತಂದದ್ದು ನಿಜ, ವಿರೋಧ ಬಂದು ಅದು ಅಲ್ಲೇ ನಿಂತಿತು. ಅದರಲ್ಲೂ ಒಂದು ನಾಯಿಗೆ ಜಾಗ ಇತ್ತು!

ಆ ಸಭೆಯಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಎರಡನೇ ಮಹಡಿಯ ಒಬ್ಬ ಅಜ್ಜಿಯ ಮಾತು. "ನಿನ್ನ ನಾಯಿ ಬೇಡ ಅಂತಲ್ಲ ಕಣಮ್ಮ. ಚಿಕ್ಕವಳಿದ್ದಾಗ ಕಚ್ಚಿಸ್ಕೊಂಡು ಹೊಟ್ಟೆಗೆ 14 ಇಂಜೆಕ್ಷನ್ ಹಾಕಿಸ್ಕೊಂಡಿದೀನಿ. ಲಿಫ್ಟ್ ಬಾಗಿಲು ತೆಗೆದ ಕೂಡ್ಲೇ ನಾಯಿ ಮೂತಿ ಕಂಡ್ರೆ ಕೈಕಾಲು ನಡುಗುತ್ತೆ." ಇದಕ್ಕೆ ಯಾವ ಪ್ರಿಂಟ್ ತೋರಿಸಲಿ? ಒಳಗೆ ಯಾರಾದರೂ ಇದ್ದರೆ ನಾವು ಮುಂದಿನ ಲಿಫ್ಟಿಗೆ ಕಾಯುತ್ತೇವೆ ಅಂದೆ. ಈಗ ಎಂಟು ಮನೆಯ ನಾಯಿಗಳಿಗೂ ಅದೇ ನಿಯಮ. ಇಲ್ಲಿರುವ ನಿಯಮಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ಅಜ್ಜಿ ಈಗ ಕಾರಿಡಾರಿನ ಆ ತುದಿಯಿಂದ "ಊಟ ಆಯ್ತಾ ಕೆಂಚಿ" ಅಂತ ಕೇಳುತ್ತಾರೆ. ಹತ್ತಿರ ಬರುವುದಿಲ್ಲ, ನಾವೂ ಹೋಗುವುದಿಲ್ಲ.

ಬಾಡಿಗೆಯವರಿಗೆ ಬೇಡ ಅನ್ನುವ ನಿಯಮ ತೆಗೆದರು. 500 ರೂಪಾಯಿಯೂ ನಿಂತಿತು, ಆದರೆ ಮೊದಲೆರಡು ತಿಂಗಳು ಕಟ್ಟಿದ 1000 ವಾಪಸ್ ಬಂದಿಲ್ಲ. ಗೇಟಿನ ಹತ್ತಿರ ಗಲೀಜು ಹಾಕಲು ಒಂದು ಡಸ್ಟ್‌ಬಿನ್ ಇಡಿ ಅಂತ ಕೇಳಿ ಒಂದು ವರ್ಷ ಆಗುತ್ತಾ ಬಂತು. ನಾನು ಪೇಪರಿನಲ್ಲಿ ಸುತ್ತಿಕೊಂಡು ಮನೆಗೇ ತರುತ್ತೇನೆ. ದೀಪಾವಳಿ ಪಟಾಕಿಗೆ ಅವಳು ಅಡುಗೆಮನೆ ಸಿಂಕಿನ ಕೆಳಗೆ ಸೇರಿ ರಾತ್ರಿಯೆಲ್ಲ ಬೊಗಳಿದಾಗ ಪಕ್ಕದ ಮನೆಯವರು ಒಂದು ಮಾತೂ ಆಡಲಿಲ್ಲ. ಅವರಿಗೆ ಇಲ್ಲಿಂದಲೇ ನಮಸ್ಕಾರ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಓನರ್‌ಗೆ ಮಾತ್ರ ಆದರೆ ಐದಕ್ಕೆ ಐದು. ನಾಯಿ, ಬೆಕ್ಕು ಇರುವವರು ಈ ಕಡೆ ಮನೆ ನೋಡುತ್ತಿದ್ದರೆ, ಟೋಕನ್ ಕೊಡುವ ಮುಂಚೆಯೇ ಅಸೋಸಿಯೇಷನ್ ನಿಯಮದ ಪುಟವನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡು ಓದಿ. ಓನರ್ ಬಾಯಲ್ಲಿ "ಪರವಾಗಿಲ್ಲ" ಅಂದದ್ದನ್ನು ಅಗ್ರಿಮೆಂಟಿನಲ್ಲಿ ಬರೆಸಿಕೊಳ್ಳಿ.

ಹುಲ್ಲಿನ ಅಂಗಳಕ್ಕೆ ಮಾತ್ರ ನಾಯಿಗಳನ್ನು ಇನ್ನೂ ಬಿಡುತ್ತಿಲ್ಲ. ಮಕ್ಕಳು ಆಡುವ ಹೊತ್ತು ಬಿಟ್ಟು ಬೆಳಿಗ್ಗೆ 6ರಿಂದ 7ರವರೆಗೆ ಬಿಡಿ ಅಂತ ಮುಂದಿನ ಸಭೆಗೆ ಅರ್ಜಿ ಕೊಟ್ಟಿದ್ದೇನೆ.